ಚಾರ್ಜರ್ ಮೇಲೆ ಗೂಬೆ ಕೂರಿಸೋದು ಬಿಡಿ

ಭಾಗ 1

ಕರೆಂಟ್ ಬಿಲ್ ಜಾಸ್ತಿ ಬಂದ ದಿನ ಮನೆಯಲ್ಲಿ ತನಿಖೆ ಅಂತ ಏನೂ ನಡೆಯಲ್ಲ. ನೇರ ತೀರ್ಪು. ಆರೋಪಿ ಯಾವಾಗಲೂ ಮನೆಯ ಅತಿ ಚಿಕ್ಕವರೇ. "ಹಗಲೂ ರಾತ್ರಿ ಫೋನ್ ಚಾರ್ಜಿಗೆ ಹಾಕ್ಕೊಂಡ್ ಕೂತಿರ್ತೀಯ, ಬಿಲ್ ಬರದೆ ಇನ್ನೇನಾಗುತ್ತೆ?" ಈ ಡೈಲಾಗ್ ಕೇಳದೆ ಪಿಯುಸಿ ಪಾಸಾದವರು ಯಾರಾದ್ರೂ ಇದ್ರೆ ಕಾಮೆಂಟ್‌ನಲ್ಲಿ ಕೈ ಎತ್ತಿ.

ಸರಿ, ಲೆಕ್ಕ ಹಾಕೋಣ. ಯೂನಿಟ್ ಅಂದ್ರೆ 1,000 ವ್ಯಾಟ್‌ನ ಸಾಮಾನು ಒಂದು ಗಂಟೆ ಓಡೋದು. 5,000 ಎಂಎಎಚ್ ಬ್ಯಾಟರಿ ತುಂಬಿದ್ರೆ ಅದರೊಳಗೆ ಇರೋದು ಸುಮಾರು 19 ವ್ಯಾಟ್-ಅವರ್. ಚಾರ್ಜರ್ ಬಿಸಿಯಾಗಿ ಕಳೆಯೋದನ್ನೂ ಸೇರಿಸಿ ಧಾರಾಳವಾಗಿ 25 ಅಂತಲೇ ಹಿಡಿಯಿರಿ. ದಿನಾ ಸೊನ್ನೆಯಿಂದ ನೂರಕ್ಕೆ ಚಾರ್ಜ್ ಮಾಡಿದ್ರೂ ತಿಂಗಳಿಗೆ ಮುಕ್ಕಾಲು ಯೂನಿಟ್. ಯೂನಿಟ್‌ಗೆ ಸುಮಾರು ಆರು ರೂಪಾಯಿ ಅಂದ್ರೆ ನಾಲ್ಕೂವರೆ ರೂಪಾಯಿ. ಬೈಟು ಕಾಫಿಯಲ್ಲಿ ನಿಮ್ಮ ಪಾಲಿಗೂ ಸಾಲಲ್ಲ. ಇನ್ನು ಸಾಕೆಟ್‌ನಲ್ಲಿ ಖಾಲಿ ನೇತಾಡೋ ಚಾರ್ಜರ್? ಒಳ್ಳೇದಾಗಿದ್ರೆ ಒಂದು ವ್ಯಾಟ್‌ಗಿಂತ ಎಷ್ಟೋ ಕಡಿಮೆ ಎಳೆಯುತ್ತೆ.

ಬಿಲ್ 600 ರೂಪಾಯಿ ಏರಿದೆ. ಬೈಗುಳ ಬಿದ್ದಿರೋದು ನಾಲ್ಕೂವರೆ ರೂಪಾಯಿಯ ಮೇಲೆ. ಉಳಿದ 595 ರೂಪಾಯಿ 50 ಪೈಸೆ ಮನೆಯಲ್ಲೇ ಎಲ್ಲೋ ಆರಾಮಾಗಿ ಕಾಲು ಚಾಚಿ ಕೂತಿದೆ. ಅದನ್ನ ಯಾರೂ ಹುಡುಕಲ್ಲ. ಯಾಕಂದ್ರೆ ಕಳ್ಳ ಸಿಕ್ಕಾಯ್ತಲ್ಲ!

ನನ್ನ ಜಗಳ ಇರೋದು ಇದರ ಜೊತೆ. ಬೈಯಿರಿ, ಬೇಡ ಅನ್ನಲ್ಲ. ಮೀಟರ್ ನೋಡಿ ಬೈಯಿರಿ.

ಭಾಗ 2

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಯೋಚಿಸಿದ್ರೆ ನನಗೆ ಸ್ಕೂಲ್ ಗೋಡೆಯ ಪೋಸ್ಟರ್ ನೆನಪಾಗುತ್ತೆ. ಒಂದು ಕೈ, ಒಂದು ಸ್ವಿಚ್, ಒಂದು ದುಂಡು ಬಲ್ಬ್. "ವಿದ್ಯುತ್ ಉಳಿಸಿ." ಆ ಚಿತ್ರ 60 ವ್ಯಾಟ್ ಬಲ್ಬ್ ಕಾಲದ್ದು. ದಿನಕ್ಕೆ 5 ಗಂಟೆ ಉರಿದ್ರೆ ಅದು ತಿಂಗಳಿಗೆ 9 ಯೂನಿಟ್ ತಿನ್ನುತ್ತಿತ್ತು. ಆಗ ಆಫ್ ಮಾಡು ಅಂದಿದ್ದು ಸರಿಯೇ. ಇವತ್ತಿನ 9 ವ್ಯಾಟ್ ಎಲ್‌ಇಡಿ ಅಷ್ಟೇ ಹೊತ್ತು ಉರಿದ್ರೆ ಒಂದೂವರೆ ಯೂನಿಟ್ ಕೂಡ ಆಗಲ್ಲ. ಬಲ್ಬ್ ಬದಲಾಯ್ತು, ಬೈಗುಳ ಬದಲಾಗಿಲ್ಲ.

ಕಣ್ಣಿಗೆ ಕಾಣೋದನ್ನ, ಸದ್ದು ಮಾಡೋದನ್ನ ನಾವು ಖರ್ಚು ಅಂದ್ಕೋತೀವಿ. ಬೆಳಕು, ಫೋನು, ಟಿವಿ. ಆದರೆ ಮನೆಯಲ್ಲಿ ನಿಜವಾಗಿ ಯೂನಿಟ್ ನುಂಗೋದು ಶಾಖ, ತಂಪು, ನೀರೆತ್ತೋದು. ಈ ಮೂರೂ ಮೂಲೆಯಲ್ಲಿ, ಅಟ್ಟದ ಮೇಲೆ, ತಾರಸಿಯಲ್ಲಿ, ಸಂಪ್ ಪಕ್ಕದಲ್ಲಿ ಕೂತಿರುತ್ವೆ. ಕಣ್ಣಿಗೆ ಬೀಳಲ್ಲ.

"ಹನಿ ಹನಿ ಕೂಡಿದ್ರೆ ಹಳ್ಳ" ಅಂತ ಯಾರಾದ್ರೂ ಕಾಮೆಂಟ್ ಹಾಕ್ತೀರ, ಗೊತ್ತು. ಹೌದು ಸ್ವಾಮಿ. ಆದರೆ ಹಿತ್ತಲಲ್ಲಿ ಪೈಪ್ ಒಡೆದು ಹರೀತಿರುವಾಗ ಅಂಗಳದಲ್ಲಿ ಹನಿ ಎಣಿಸೋದು ಉಳಿತಾಯ ಅಲ್ಲ.

ಭಾಗ 3 (ಇದು ಸ್ವಲ್ಪ ಉದ್ದ. ಓದಿ, ಅಸಲಿ ವಿಷಯ ಇಲ್ಲೇ ಇರೋದು)

ಗೀಸರ್.

ಫಿಸಿಕ್ಸ್ ಕ್ಲಾಸ್ ನೆನಪಿದ್ಯಾ? ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4.2 ಕಿಲೋಜೂಲ್. ಒಂದು ಯೂನಿಟ್ ಅಂದ್ರೆ 3,600 ಕಿಲೋಜೂಲ್. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಈ ಎರಡು ಸಂಖ್ಯೆ ಸಾಕು, ಮನೆಯ ಬಿಲ್ ಅರ್ಧ ಅರ್ಥ ಆಗುತ್ತೆ.

ನಲ್ಲಿ ನೀರು 22 ಡಿಗ್ರಿ, ಸ್ನಾನಕ್ಕೆ ಬೇಕಾಗಿರೋದು 40 ಡಿಗ್ರಿ ಅಂದ್ಕೊಳ್ಳಿ. 20 ಲೀಟರಿನ ಒಂದು ಬಕೆಟ್‌ಗೆ ಸುಮಾರು 0.42 ಯೂನಿಟ್. ನಾಲ್ಕು ಜನರ ಮನೆ, ತಲಾ ಒಂದು ಬಕೆಟ್, ಅಂದ್ರೆ ತಿಂಗಳಿಗೆ 50 ಯೂನಿಟ್. ಬರೀ ಸ್ನಾನಕ್ಕೆ.

ಈಗ ಬಕೆಟ್ ಪಕ್ಕಕ್ಕಿಟ್ಟು ಶವರ್ ಹಾಕಿ. ನಿಮಿಷಕ್ಕೆ 8 ಲೀಟರ್ ಬರೋ ಶವರ್, 10 ನಿಮಿಷ, 80 ಲೀಟರ್. ಒಂದು ಸ್ನಾನಕ್ಕೆ 1.68 ಯೂನಿಟ್. ನಾಲ್ಕೂ ಜನ ಹಾಗೇ ಮಾಡಿದ್ರೆ ತಿಂಗಳಿಗೆ 201 ಯೂನಿಟ್. ಈ 201 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ. ಇನ್ನೊಂದು ಥರ ಹೇಳ್ತೀನಿ: ಒಂದು ಶವರ್ ಸ್ನಾನದ ಕರೆಂಟ್‌ನಲ್ಲಿ ನಿಮ್ಮ ಫೋನನ್ನ 67 ದಿನ ಚಾರ್ಜ್ ಮಾಡಬಹುದು.

ಇದಲ್ಲದೆ ಗೀಸರ್ ಸುಮ್ಮನೆ ಆನ್ ಇದ್ರೂ ತಿನ್ನುತ್ತೆ. ಒಳಗಿನ ನೀರು ನಿಧಾನಕ್ಕೆ ಆರುತ್ತೆ, ಥರ್ಮೋಸ್ಟಾಟ್ ಮತ್ತೆ ಕಾಯಿಸುತ್ತೆ, ಮತ್ತೆ ಆರುತ್ತೆ. ಹಳೇ ಗೀಸರ್ ದಿನಪೂರ್ತಿ ಆನ್ ಇದ್ರೆ ಯಾರೂ ಸ್ನಾನ ಮಾಡದಿದ್ರೂ ಅರ್ಧದಿಂದ ಒಂದು ಯೂನಿಟ್ ಹೋಗಿರುತ್ತೆ.

"ನಮ್ಮನೇಲಿ ಸೋಲಾರ್ ಇದೆ, ಈ ಭಾಗ ನಮಗಲ್ಲ" ಅಂತ ಸ್ವೈಪ್ ಮಾಡಬೇಡಿ. ನಿಮಗೇ ಇದು ಜಾಸ್ತಿ ಅನ್ವಯ. ಸೋಲಾರ್ ಟ್ಯಾಂಕ್‌ಗೆ ಮೋಡದ ದಿನಕ್ಕೆ ಅಂತ ಒಂದು ಕರೆಂಟ್ ಕಾಯಿಲ್ ಇರುತ್ತೆ, ಬ್ಯಾಕಪ್. ಅದರ ಸ್ವಿಚ್ ಬಾತ್‌ರೂಮ್ ಹೊರಗೋ ಮೆಟ್ಟಿಲ ಹತ್ತಿರವೋ ಇರುತ್ತೆ. ಜುಲೈ ಮಳೆಯಲ್ಲಿ ಹಾಕಿದ ಆ ಸ್ವಿಚ್ ದೀಪಾವಳಿ ಮುಗಿದ್ರೂ ಆಫ್ ಆಗಿರಲ್ಲ. ಅದು ಕಾಯಿಸೋದು ನಿಮ್ಮ ಒಂದು ಬಕೆಟ್ ನೀರಲ್ಲ, ತಾರಸಿ ಮೇಲಿರೋ ಇಡೀ ಟ್ಯಾಂಕ್. 200 ಲೀಟರ್ ನೀರನ್ನ 25ರಿಂದ 55 ಡಿಗ್ರಿಗೆ ತರೋಕೆ 7 ಯೂನಿಟ್. ಒಂದು ಸಲಕ್ಕೆ.

ಈಗ ನನಗೆ ಸಿಟ್ಟು ಬರೋ ವಿಷಯ. ಎಷ್ಟೋ ಮನೆಗಳಲ್ಲಿ ಅಜ್ಜಿ ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಆಫ್ ಮಾಡಿ ಸೆರಗಿನಿಂದ ಗಾಳಿ ಹಾಕ್ಕೊಂಡು ಕೂರ್ತಾರೆ. "ಯಾಕಜ್ಜಿ?" ಅಂದ್ರೆ "ಬಿಲ್ ಜಾಸ್ತಿ ಬಂತಂತಲ್ಲಪ್ಪ" ಅಂತಾರೆ. 75 ವ್ಯಾಟ್ ಫ್ಯಾನ್, ಮಧ್ಯಾಹ್ನ ಮೂರು ಗಂಟೆ, ಮೂವತ್ತು ದಿನ: 6.75 ಯೂನಿಟ್. ಅಜ್ಜಿ ಒಂದು ತಿಂಗಳು ಬೆವರಿ ಉಳಿಸಿದ್ದನ್ನ ಆ ಮರೆತ ಸ್ವಿಚ್ ಒಂದೇ ದಿನದಲ್ಲಿ ತಿಂದು ಮುಗಿಸುತ್ತೆ. ಲೆಕ್ಕ ಹಾಕದೆ ಬೈದ್ರೆ ಹೀಗೇ ಆಗೋದು. ಬೈಗುಳ ತಪ್ಪಿತಸ್ಥರಿಗೆ ತಟ್ಟಲ್ಲ, ಸೂಕ್ಷ್ಮ ಮನಸ್ಸಿನವರಿಗೆ ತಟ್ಟುತ್ತೆ.

ಭಾಗ 4

ಉಳಿದ ಶಂಕಿತರನ್ನ ಬೇಗ ಮುಗಿಸ್ತೀನಿ.

ಫ್ರಿಜ್: ಈಗಿನ ಒಳ್ಳೆ ಸ್ಟಾರ್ ಇರೋ ಸಣ್ಣ ಫ್ರಿಜ್ ತಿಂಗಳಿಗೆ 15–20 ಯೂನಿಟ್‌ನಲ್ಲಿ ಮುಗಿಸುತ್ತೆ. ಬಾಗಿಲ ರಬ್ಬರ್ ಸಡಿಲಾದ ಹಳೇದು ಅದರ ಎರಡು-ಮೂರು ಪಟ್ಟು ಎಳೆಯಬಹುದು. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೀರಿ. ಸುಮ್ಮನೆ ಜಾರಿ ಬಂದ್ರೆ ರಬ್ಬರ್ ಹೋಗಿದೆ ಅಂತ ಅರ್ಥ.

ಸೆಟ್‌ಟಾಪ್ ಬಾಕ್ಸ್: ಟಿವಿ ಆಫ್ ಮಾಡಿ ಬಾಕ್ಸ್ ಬಿಟ್ರೆ ಅದು ಮಲಗಲ್ಲ, ಮಲಗಿದ ಹಾಗೆ ನಾಟಕ ಆಡುತ್ತೆ. 10 ವ್ಯಾಟ್ ಹಿಡಿದ್ರೂ ತಿಂಗಳಿಗೆ 7 ಯೂನಿಟ್. ಅಪ್ಪ ನಿಮ್ಮ ಚಾರ್ಜರ್‌ಗೆ ಬೈಯೋದು ಇದೇ ಬಾಕ್ಸ್‌ನಲ್ಲಿ ನ್ಯೂಸ್ ನೋಡ್ತಾ. ಒಂಬತ್ತು ಫೋನ್‌ಗೆ ಸಮ ಅದು.

ಮೋಟರ್: ಒಂದು ಎಚ್‌ಪಿ ಪಂಪ್ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್. ಇದು ಸಾಧು. ಆದರೆ ಕಮೋಡ್ ಫ್ಲಶ್ ಟ್ಯಾಂಕ್‌ನ ವಾಲ್ವ್ ಸವೆದು ನೀರು ಸದ್ದಿಲ್ಲದೆ ಇಳೀತಾ ಇದ್ರೆ ಮೋಟರ್ ದಿನಕ್ಕೆ ಒಂದು ಸಲದ ಬದಲು ಎರಡು ಸಲ ಓಡುತ್ತೆ. ಪ್ಲಂಬರ್ ಮಾಡಬೇಕಾದ ಕೆಲಸಕ್ಕೆ ನೀವು ಬೈಸಿಕೊಳ್ತೀರ.

ಯುಪಿಎಸ್: ಬ್ಯಾಟರಿಗೆ ವಯಸ್ಸಾದ್ರೆ ಅದು ಎಷ್ಟು ಚಾರ್ಜ್ ಆದ್ರೂ ತೃಪ್ತಿ ಆಗದ ಜಾತಿ. ಬಿಡದೆ 40 ವ್ಯಾಟ್ ಎಳೆದ್ರೂ ತಿಂಗಳಿಗೆ 28 ಯೂನಿಟ್ ದಾಟುತ್ತೆ. ಬ್ಯಾಟರಿ ಡಬ್ಬ ಮುಟ್ಟಿದ್ರೆ ಸದಾ ಬೆಚ್ಚಗಿದ್ರೆ ಅನುಮಾನ ಪಡಿ.

ಮಂಗಳೂರು, ಉಡುಪಿ, ಕಲಬುರಗಿ, ರಾಯಚೂರಿನವರು ಎಸಿ ವಿಷಯ ಕೇಳ್ತೀರ. ಅದು ನಿಗೂಢ ಅಲ್ಲ. ರಾತ್ರಿಯೆಲ್ಲ ಓಡಿದ್ರೆ 6ರಿಂದ 10 ಯೂನಿಟ್ ಅಂದ್ಕೊಳ್ಳಿ. ಎಸಿ ಇದ್ದ ಮನೆಯಲ್ಲಿ ಬಿಲ್ ಯಾಕೆ ಬಂತು ಅಂತ ಯಾರೂ ಪತ್ತೇದಾರಿ ಮಾಡಬೇಕಿಲ್ಲ.

ಗೇಮಿಂಗ್ ಪಿಸಿ ಇಟ್ಟಿರೋ ನನ್ನ ಗೆಳೆಯರೇ, 400 ವ್ಯಾಟ್, ದಿನಕ್ಕೆ ಆರು ಗಂಟೆ, ತಿಂಗಳಿಗೆ 72 ಯೂನಿಟ್. ನಿಮ್ಮ ಪರ ವಾದ ಮಾಡೋಕೆ ನನ್ನಿಂದ ಆಗಲ್ಲ. ಈ ಭಾಗದ ಸ್ಕ್ರೀನ್‌ಶಾಟ್ ಅಮ್ಮನಿಗೆ ತೋರಿಸಬೇಡಿ ಮಗಾ.

ಭಾಗ 5

ಇಷ್ಟೆಲ್ಲ ಅಂದಾಜು. ಈಗ ಸಾಕ್ಷಿ.

ಮೀಟರ್ ಹತ್ತಿರ ಹೋಗಿ. ಒಂದು ಸಣ್ಣ ಕೆಂಪು ದೀಪ ಮಿಣುಕ್ತಾ ಇರುತ್ತೆ. ಪಕ್ಕದಲ್ಲಿ 3200 ಇಂಪಲ್ಸ್ ಪರ್ ಕಿಲೋವ್ಯಾಟ್ ಅವರ್ ಅಂತಲೋ 1600 ಅಂತಲೋ ಬರೆದಿರುತ್ತೆ. ಅಷ್ಟು ಸಲ ಮಿಣುಕಿದ್ರೆ ಒಂದು ಯೂನಿಟ್. ಫೋನ್‌ನಲ್ಲಿ ಟೈಮರ್ ಹಾಕಿ ಒಂದು ನಿಮಿಷಕ್ಕೆ ಎಷ್ಟು ಸಲ ಅಂತ ಎಣಿಸಿ. ಅದನ್ನ 60ರಿಂದ ಗುಣಿಸಿ, ಮೀಟರ್ ಮೇಲಿನ ಸಂಖ್ಯೆಯಿಂದ ಭಾಗಿಸಿ. ಈ ಕ್ಷಣ ಮನೆ ಎಷ್ಟು ಕಿಲೋವ್ಯಾಟ್ ಎಳೀತಿದೆ ಅಂತ ಸಿಗುತ್ತೆ. 3200ರ ಮೀಟರ್‌ನಲ್ಲಿ ನಿಮಿಷಕ್ಕೆ 10 ಮಿಣುಕು ಅಂದ್ರೆ 187 ವ್ಯಾಟ್ ಚಿಲ್ಲರೆ. ಇದು ಹಗಲೂ ರಾತ್ರಿ ಹಾಗೇ ಇದ್ರೆ ತಿಂಗಳಿಗೆ 135 ಯೂನಿಟ್.

ರಾತ್ರಿ ಎಲ್ಲರೂ ಮಲಗೋ ಮುಂಚೆ ಮಾಡಿ. ಫ್ರಿಜ್ ಸೇರಿ ಒಂದೊಂದೇ ಸ್ವಿಚ್ ಆಫ್ ಮಾಡ್ತಾ ಒಬ್ಬರು ಒಳಗೆ, ಎಣಿಸೋಕೆ ಒಬ್ಬರು ಹೊರಗೆ. ಯಾವ ಸ್ವಿಚ್ ತೆಗೆದಾಗ ಮಿಣುಕು ಧಡಕ್ಕನೆ ನಿಧಾನ ಆಯ್ತೋ ಅಲ್ಲಿದೆ ನಿಮ್ಮ 595 ರೂಪಾಯಿ. ತಮ್ಮನನ್ನ ಕರ್ಕೊಂಡ್ ಹೋಗಿ, ಅವನಿಗೆ ಇದು ಆಟ.

ಕೊನೆಗೆ ನಿಮ್ಮ ಮನೆಯ ಮೇನ್ ಸ್ವಿಚ್ಚೇ ಇಳಿಸಿ. ಈಗ ಮೀಟರ್ ಸುಮ್ಮನಾಗಬೇಕು. ಐದು ನಿಮಿಷ ಕಾಯಿರಿ.

ಇನ್ನೂ ಮಿಣುಕ್ತಾ ಇದ್ರೆ? ಮೀಟರ್‌ಗೂ ನಿಮ್ಮ ಮೇನ್‌ಗೂ ನಡುವೆ ಬೇರೆ ಯಾರೋ ಇದ್ದಾರೆ, ಇಲ್ಲಾ ಮೀಟರ್‌ನಲ್ಲೇ ದೋಷ ಇದೆ. ಎರಡರಲ್ಲಿ ಯಾವುದಾದ್ರೂ ಅದು ನಿಮ್ಮ ಚಾರ್ಜರ್ ಅಂತೂ ಅಲ್ಲ.

ಇನ್ನೊಂದು ದೀಪ ಇದೆ, ಅದನ್ನ ನಗೆಯಾಡಬೇಡಿ. ಎಷ್ಟೋ ಮೀಟರ್‌ಗಳಲ್ಲಿ ಅರ್ತ್ ಲೋಡ್ ಅಥವಾ ಚಿಕ್ಕದಾಗಿ ಇ/ಎಲ್ ಅಂತ ಬರೆದ ದೀಪ ಇರುತ್ತೆ. ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬರದಿದ್ರೆ ಅದು ಉರಿಯುತ್ತೆ. ಪಕ್ಕದ ಮನೆಯ ನ್ಯೂಟ್ರಲ್ ನಿಮ್ಮದರ ಜೊತೆ ಬೆರೆತಿರಬಹುದು. ಅಥವಾ ಕರೆಂಟ್ ನೆಲಕ್ಕೆ ಸೋರ್ತಿರಬಹುದು. ಬೋರ್‌ವೆಲ್ ಗಡಸು ನೀರಿಗೆ ಸವೆದ ಗೀಸರ್ ಕಾಯಿಲ್ ಇದಕ್ಕೆ ಹಳೇ ಗಿರಾಕಿ. ಒದ್ದೆ ಮೈಯಲ್ಲಿ ನಲ್ಲಿ ಮುಟ್ಟಿದಾಗ ಚುರ್ ಅಂದ್ರೆ ಅವತ್ತೇ ಗೀಸರ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ, ಆರ್‌ಸಿಸಿಬಿ ಇದೆಯಾ ಅಂತ ಕೇಳಿ. ಅಲ್ಲಿ ಹೋಗ್ತಿರೋದು ದುಡ್ಡಷ್ಟೇ ಅಲ್ಲ, ಜೀವ ಹೋಗಬಹುದು.

ಮೀಟರ್ ಸೀಲ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ನೋಡೋದು, ಎಣಿಸೋದು, ಫೋಟೋ ತೆಗೆಯೋದು, ಅಷ್ಟೇ.

ಭಾಗ 6

ಬಾಡಿಗೆ ಮನೆಯವರು, ರೂಮ್ ಮಾಡ್ಕೊಂಡಿರೋ ಕ್ಲಾಸ್‌ಮೇಟ್ಸ್, ಇಲ್ಲಿ ಬನ್ನಿ.

ಮೇನ್ ಇಳಿಸಿದ್ಮೇಲೂ ಓಡೋ ಮೀಟರ್ ಕಥೆ ಹೆಚ್ಚಾಗಿ ನಿಮ್ಮದೇ. ಮೆಟ್ಟಿಲ ಲೈಟು, ಗೇಟ್ ಲೈಟು, ಸಂಪ್ ಮೋಟರ್ ಯಾವುದೋ ಕಾಲದಲ್ಲಿ ಯಾವುದೋ ವೈರಿಂಗ್ ಅಣ್ಣ ಹತ್ತಿರ ಸಿಕ್ಕ ಲೈನ್‌ಗೆ ಕೊಟ್ಟು ಹೋಗಿರ್ತಾನೆ. ಎಲ್ಲಾ ಓನರ್‌ಗಳೂ ಬೇಕಂತಲೇ ಮಾಡ್ತಾರೆ ಅಂತ ನಾನು ಹೇಳಲ್ಲ, ಎಷ್ಟೋ ಜನಕ್ಕೆ ನಿಜವಾಗಿ ಗೊತ್ತಿರಲ್ಲ. ಆದರೆ ಗೊತ್ತಾದ್ಮೇಲೆ ಸರಿ ಮಾಡಿಸ್ತಾರಾ ಅನ್ನೋದೇ ಪ್ರಶ್ನೆ. "ಓನರ್ ಅಂಕಲ್, ನೀವು ಮೋಟರ್ ಹಾಕಿ, ನಾನು ನಮ್ಮ ಮೀಟರ್ ಹತ್ತಿರ ನಿಂತಿರ್ತೀನಿ" ಅಂತ ಮರ್ಯಾದೆಯಿಂದಲೇ ಕೇಳಿ. ಮಿಣುಕು ಓಡಿದ್ರೆ ಇಬ್ಬರೂ ಕಣ್ಣಾರೆ ನೋಡಿದ ಹಾಗಾಯ್ತು. ಜಗಳ ಬೇಡ, ವಿಡಿಯೋ ಸಾಕು.

ಇದಕ್ಕಿಂತ ದೊಡ್ಡದು ಒಂದೇ ಆರ್‌ಆರ್ ನಂಬರ್‌ನ ಬಿಲ್ಡಿಂಗ್. ಮೂರು ಮನೆ, ಎಸ್ಕಾಂ ಮೀಟರ್ ಒಂದೇ, ಒಳಗೆ ಓನರ್ ಹಾಕಿಸಿದ ಸಬ್ ಮೀಟರ್. ನಿಮ್ಮ ಕೈಗೆ ಬರೋದು ಬಿಲ್ ಅಲ್ಲ, ಒಂದು ವಾಟ್ಸ್ಆಪ್ ಮೆಸೇಜ್: "ಈ ತಿಂಗಳು ಕರೆಂಟ್ 1450." ಯೂನಿಟ್ ಎಷ್ಟು? ದರ ಎಷ್ಟು? ಸಬ್ ಮೀಟರ್ ಸರಿಯಿದೆಯಾ ಅಂತ ಯಾರು ಪರೀಕ್ಷೆ ಮಾಡಿದ್ರು? ಕೇಳಿದ್ರೆ "ನೀವು ಹುಡುಗರು ಲ್ಯಾಪ್‌ಟಾಪ್ ಜಾಸ್ತಿ ಯೂಸ್ ಮಾಡ್ತೀರಪ್ಪ." ನೋಡಿ, ಮನೆಯಲ್ಲಿ ಕೇಳಿದ ಡೈಲಾಗೇ ಇಲ್ಲೂ ಬಂತು. 50 ವ್ಯಾಟ್ ಲ್ಯಾಪ್‌ಟಾಪ್ ದಿನಕ್ಕೆ ಆರು ಗಂಟೆ ಓಡಿದ್ರೆ ತಿಂಗಳಿಗೆ 9 ಯೂನಿಟ್. ಮನೆಯಲ್ಲಿ ಆ ಡೈಲಾಗ್ ಅಜ್ಞಾನ. ಇಲ್ಲಿ ಅದು ವ್ಯಾಪಾರ. ಹುಡುಗರಿಗೆ ತಪ್ಪಿತಸ್ಥ ಭಾವನೆ ಇದ್ರೆ ಅವರು ರೀಡಿಂಗ್ ಕೇಳಲ್ಲ.

ಪಿಜಿಯಲ್ಲೂ ಅಷ್ಟೇ. ಬಿಲ್‌ನಲ್ಲಿ ಯೂನಿಟ್‌ಗೆ ಇರೋ ದರದ ದುಪ್ಪಟ್ಟು ವಸೂಲಿ ಮಾಡ್ತಾ ಇದ್ರೆ ಮೂಲ ಬಿಲ್ ತೋರಿಸಿ ಅಂತ ಕೇಳೋದು ಉದ್ಧಟತನ ಅಲ್ಲ. ಹೋಟೆಲ್‌ನಲ್ಲಿ ಬಿಲ್ ಕೇಳ್ತೀವಲ್ವಾ, ಹಾಗೇ.

ಭಾಗ 7

ಈಗ ಆ 201.

ಗೃಹಜ್ಯೋತಿ ಬಂದಿದ್ದು 2023ರ ಆಗಸ್ಟ್ ಬಿಲ್‌ನಿಂದ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ಉಚಿತ, ಮೇಲ್ಮಿತಿ 200 ಯೂನಿಟ್ ಅಂತ ಶುರುವಾಯ್ತು. ಸರಾಸರಿ 120 ಇದ್ದ ಮನೆಗೆ 132 ಉಚಿತ. 150 ಆದ್ರೆ ಹೆಚ್ಚಿನ 18ಕ್ಕೆ ದುಡ್ಡು. ಆದರೆ 200 ದಾಟಿದ್ರೆ ಹೆಚ್ಚಾದ ಒಂದು ಯೂನಿಟ್‌ಗಲ್ಲ, ಪೂರ್ತಿ 201ಕ್ಕೂ ಕಟ್ಟಬೇಕು. ಆರು ರೂಪಾಯಿ ಲೆಕ್ಕದಲ್ಲಿ ಸುಮಾರು 1,200, ಮೇಲೆ ನಿಗದಿತ ಶುಲ್ಕ, ತೆರಿಗೆ.

ಇಲ್ಲೇ ನೋಡಿ ಮೋಸ ಹೋಗೋದು. 199ರಲ್ಲಿದ್ದ ಮನೆ 201 ಆದ್ರೆ "ಆ ಎರಡು ಯೂನಿಟ್ ಯಾರದ್ದು?" ಅಂತ ಹುಡುಕಾಟ ಶುರು. ಮತ್ತೆ ಚಾರ್ಜರ್, ಮತ್ತೆ ರಾತ್ರಿ ಓದೋ ಲೈಟ್. ಗುರೂ, 201ರಲ್ಲಿ ಕೊನೇ ಎರಡು ಅಂತ ಯಾವ ಯೂನಿಟ್‌ಗೂ ಹೆಸರು ಬರೆದಿಲ್ಲ. ಗೀಸರ್‌ನ ನೂರರಲ್ಲಿ ಎರಡು ತೆಗೆಯೋದು ಸುಲಭವೋ, ನಿಮ್ಮ ಟೇಬಲ್ ಲೈಟಿನ ಒಂದೂವರೆಯಲ್ಲಿ ಎರಡು ತೆಗೆಯೋದೋ?

ಈ ಯೋಜನೆ ಬೇಡ ಅನ್ನೋ ಗುಂಪಿನವನಲ್ಲ ನಾನು. ಎಷ್ಟೋ ಮನೆಗೆ ಅದು ನಿಜವಾದ ಉಸಿರು. ನನ್ನ ತಕರಾರು ನಮ್ಮ ಮೇಲೆಯೇ. ಬಿಲ್‌ನಲ್ಲಿ ಸೊನ್ನೆ ಕಂಡ ತಕ್ಷಣ ಮಡಚಿ ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸ್ತೀವಿ. ಅದೇ ಕಾಗದದಲ್ಲಿ ಈ ತಿಂಗಳ ಯೂನಿಟ್ ಎಷ್ಟು ಅಂತ ಅಚ್ಚಾಗಿರುತ್ತೆ. 140, 160, 185 ಅಂತ ಅದು ಮೂರು ತಿಂಗಳಿಂದ ಕೂಗ್ತಾ ಇರುತ್ತೆ. ನಾವು ಎದ್ದು ಕೂರೋದು 201 ಬಂದ ದಿನ. ಆ ದಿನ ಯಾರಾದ್ರೂ ಒಬ್ಬರು ಬೇಕಲ್ಲ ಬೈಯೋಕೆ.

ಒಂದೇ ಮೀಟರ್‌ನ ಬಿಲ್ಡಿಂಗ್‌ನವರಿಗೆ ಇದರಲ್ಲಿ ಎರಡು ಪೆಟ್ಟು. ಮೂರೂ ಮನೆ ತಲಾ 80 ಯೂನಿಟ್ ಮಾತ್ರ ಬಳಸಿದ್ರೂ ಮೀಟರ್‌ನಲ್ಲಿ 240. ಪ್ರತ್ಯೇಕ ಮೀಟರ್ ಇದ್ದಿದ್ರೆ ಮೂರೂ ಮನೆ 200ರ ಒಳಗೇ ಇರ್ತಿತ್ತು, ಬಾಡಿಗೆಯವರೂ ಯೋಜನೆಗೆ ಅರ್ಜಿ ಹಾಕಬಹುದಿತ್ತು. ರೂಮ್ ಹುಡುಕುವಾಗ ನಾವು ವೈಫೈ ಕೇಳ್ತೀವಿ, ಪಾರ್ಕಿಂಗ್ ಕೇಳ್ತೀವಿ, ವೆಜ್ಜಾ ನಾನ್‌ವೆಜ್ಜಾ ಅಂತ ಅವರು ಕೇಳ್ತಾರೆ. ಪ್ರತ್ಯೇಕ ಆರ್‌ಆರ್ ನಂಬರ್ ಇದೆಯಾ ಅಂತ ಯಾರೂ ಕೇಳಲ್ಲ. ಅಡ್ವಾನ್ಸ್ ಕೊಡೋಕೆ ಮುಂಚೆ ಕೇಳಿ.

ಭಾಗ 8

ಹಾಗಾದ್ರೆ ಮಾಡೋದೇನು? ಕೈಯಲ್ಲಿ ಕ್ಯಾಮೆರಾ ಇದೆ, ದಿನಾ ಊಟದ ಫೋಟೋ ಹಾಕ್ತೀರ. ಒಂದು ಫೋಟೋ ಮೀಟರ್‌ದೂ ತೆಗೀರಿ. ಡಿಸ್‌ಪ್ಲೇ ಬೇರೆ ಬೇರೆ ಸಂಖ್ಯೆ ತೋರಿಸ್ತಾ ಹೋಗುತ್ತೆ, ಪಕ್ಕದಲ್ಲಿ ಕೆಡಬ್ಲ್ಯೂಎಚ್ ಅಂತ ಇರೋದು ಬಂದಾಗ ಕ್ಲಿಕ್ ಮಾಡಿ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು. ಇವತ್ತಿನದರಲ್ಲಿ ಹೋದ ವಾರದ್ದು ಕಳೆದ್ರೆ ವಾರದ ಯೂನಿಟ್, ಏಳರಿಂದ ಭಾಗಿಸಿದ್ರೆ ದಿನದ್ದು. ದಿನಕ್ಕೆ ಆರೂವರೆ ದಾಟ್ತಿದ್ರೆ ತಿಂಗಳಿಗೆ 200ರ ಹತ್ತಿರ ಹೋಗ್ತಿದ್ದೀರ ಅಂತ.

ಬಿಲ್ ಬಂದಾಗ ಮೂರು ಜಾಗ ನೋಡಿ: ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎಷ್ಟು ದಿನದ ಬಿಲ್ ಅಂತ. ಹೋದ ತಿಂಗಳು ಬೀಗ ಹಾಕಿತ್ತು ಅಂತ ಅಂದಾಜಿಗೆ ಬರೆದು ಈ ತಿಂಗಳು ಎರಡೂ ಸೇರಿ ಬಂದಿದ್ರೆ ಮನೆಯಲ್ಲಿ ಯಾರೂ ಏನೂ ಮಾಡಿಲ್ಲ, ಲೆಕ್ಕ ಮಾತ್ರ ಪಕ್ಕಕ್ಕೆ ಸರಿದಿದೆ. ಬಿಲ್‌ನ ರೀಡಿಂಗ್ ನಿಮ್ಮ ಫೋಟೋಗಿಂತ ಮುಂದಿದ್ರೆ ಫೋಟೋ ಸಮೇತ ಸಬ್‌ಡಿವಿಷನ್ ಕಚೇರಿಗೆ ಹೋಗಿ, ಅಥವಾ 1912ಕ್ಕೆ ಫೋನ್ ಮಾಡಿ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಮೈಸೂರು ಕಡೆಯ ಸೆಸ್ಕ್, ಎಲ್ಲಕ್ಕೂ ಅದೇ ನಂಬರ್. ಮೀಟರ್ ಮೇಲೇ ಅನುಮಾನ ಇದ್ರೆ ಪರೀಕ್ಷೆಗೆ ಅರ್ಜಿ ಕೊಡಬಹುದು. ದೂರಿನ ಸಂಖ್ಯೆ ಬರ್ಕೊಳ್ಳೋದು ಮರೀಬೇಡಿ.

ಅಮ್ಮನ ಹತ್ತಿರ ವಾದ ಮಾಡೋಕೆ ಹೋಗಬೇಡಿ, ಗೆಲ್ಲಲ್ಲ. ಭಾನುವಾರ ರಾತ್ರಿ "ಅಮ್ಮಾ, ಎರಡು ನಿಮಿಷ ಗೀಸರ್ ಹಾಕು" ಅಂತ ಹೇಳಿ ಅವರನ್ನೇ ಮೀಟರ್ ಮುಂದೆ ನಿಲ್ಲಿಸಿ. 3200ರ ಮೀಟರ್‌ನಲ್ಲಿ 2,000 ವ್ಯಾಟ್ ಗೀಸರ್ ಅಂದ್ರೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಮಿಣುಕು, ಎಣಿಸೋಕೇ ಆಗಲ್ಲ. ಆಮೇಲೆ ಅದನ್ನ ಆಫ್ ಮಾಡಿ ನಿಮ್ಮ ಚಾರ್ಜರ್ ಹಾಕಿ ತೋರಿಸಿ.

ನಿಮ್ಮ ಮನೆಯಲ್ಲಿ ಸಿಕ್ಕ ಕಳ್ಳ ಯಾರು ಅಂತ ಕಾಮೆಂಟ್ ಮಾಡಿ. ಮೀಟರ್ ಫೋಟೋ ಸ್ಟೋರಿಗೆ ಹಾಕೋದಾದ್ರೆ ಆರ್‌ಆರ್ ನಂಬರ್ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ. ಲೆಕ್ಕ ತಿಳೀದಿದ್ರೆ ಎರಡು ವಾರದ ರೀಡಿಂಗ್ ಡಿಎಂ ಮಾಡಿ, ಕೂತು ನೋಡೋಣ.

#ಮೀಟರ್‌ನೋಡಿಬೈಯಿರಿ #ಕರೆಂಟ್‌ಬಿಲ್ #ಬಾಡಿಗೆಮನೆ